ಕಾಯುವ ಸುದ್ದಿ, ಕಾಯಲಾರದ ಸುದ್ದಿ

ಶಿಕಾರಿಪುರ–ಸೊರಬದ ಹಾದಿಯಲ್ಲಿ ಓಡುವ ಬಸ್ಸು, ಆಂಬುಲೆನ್ಸ್‌ಗಳು ಹೊರಜಗತ್ತಿನ ಜೊತೆ ಮಾತು ಕಳೆದುಕೊಳ್ಳದೆ ಇರುವುದು ಹೇಗೆ?

ಬೆಳಿಗ್ಗೆ ಶಿರಾಳಕೊಪ್ಪ ಬಿಟ್ಟು ಸೊರಬದ ಕಡೆ ಹೊರಟ ಬಸ್ಸಿನಲ್ಲಿ ಕಾಲೂರಲು ಜಾಗವಿರುವುದಿಲ್ಲ. ಕಾಲೇಜು ಹುಡುಗರ ಬ್ಯಾಗು, ಸಂತೆಗೆ ಹೊರಟವರ ಚೀಲ, ಆಸ್ಪತ್ರೆಯ ಫೈಲನ್ನು ಎದೆಗವಚಿಕೊಂಡು ಕೂತ ಅಜ್ಜಿ. ಕಂಡಕ್ಟರ್ ಸಂದಿಯಲ್ಲೇ ನುಸುಳುತ್ತ, ಹೆಂಗಸರ ಆಧಾರ್ ಕಾರ್ಡ್ ನೋಡಿ ಶೂನ್ಯ ದರದ ಟಿಕೆಟ್ ಹರಿದು ಕೊಡುತ್ತಾರೆ. ಆ ಕೆಲಸ ಚಕಚಕನೆ ಮುಗಿಯುತ್ತದೆ. ಬಾಗಿಲ ಬಳಿ ನಿಂತ ಹುಡುಗ ಫೋನ್ ಎತ್ತಿ ಟಿಕೆಟ್ ಮಷಿನ್‌ನ ಕ್ಯೂಆರ್ ಸ್ಕ್ಯಾನ್ ಮಾಡಿದಾಗ ತೊಡಕು ಶುರು.

"ಅಣ್ಣಾ, ದುಡ್ಡು ಹೋಯ್ತು ನೋಡಿ."

"ನನ್ನ ಮಷಿನ್‌ಗೆ ಬಂದಿಲ್ಲ ಕಣಪ್ಪ."

"ಅಕೌಂಟಲ್ಲಿ ಕಟ್ಟಾಗಿದೆಯಲ್ಲ!"

"ಮುಂದಿನ ಊರು ಬರ್ಲಿ, ಸಿಗ್ನಲ್ ಸಿಗುತ್ತೆ. ಆಮೇಲೆ ಟಿಕೆಟ್ ಕೊಡ್ತೀನಿ."

ಇಬ್ಬರೂ ಹೇಳುವುದು ನಿಜ. ಹುಡುಗನ ಫೋನಿನಲ್ಲಿ ಒಂದು ಕಂಪನಿಯ ಸಿಮ್, ಮಷಿನ್‌ನೊಳಗೆ ಇನ್ನೊಂದರದ್ದು. ಮೊದಲನೆಯದರ ಟವರ್ ಇನ್ನೂ ಕೈಗೆಟುಕುತ್ತಿದೆ, ಎರಡನೆಯದು ತಿರುವಿನಲ್ಲಿ ಮರೆಯಾಗಿದೆ. ದುಡ್ಡು ಬ್ಯಾಂಕಿನಿಂದ ಬ್ಯಾಂಕಿಗೆ ಹೋಗಿ ಮುಟ್ಟಿದೆ, ಮುಟ್ಟಿದ ಸುದ್ದಿ ಮಾತ್ರ ಬಸ್ಸಿಗೆ ಬಂದಿಲ್ಲ.

ಹಾಗಾದರೆ ಅದೇ ಮಷಿನ್ ಅಜ್ಜಿಗೆ ತಕ್ಷಣ ಟಿಕೆಟ್ ಕೊಟ್ಟಿದ್ದು ಹೇಗೆ? ಹೆಂಗಸರ ಉಚಿತ ಪ್ರಯಾಣದ ಶಕ್ತಿ ಯೋಜನೆಯ ಟಿಕೆಟ್‌ಗೆ ಯಾರ ಒಪ್ಪಿಗೆಯೂ ಬೇಡ. ಮಷಿನ್ ಅದನ್ನು ಅಚ್ಚು ಹಾಕಿ, ಲೆಕ್ಕವನ್ನು ತನ್ನೊಳಗೇ ಇಟ್ಟುಕೊಂಡು, ಸಿಗ್ನಲ್ ಸಿಕ್ಕಾಗ ಕಳಿಸುತ್ತದೆ. ಯುಪಿಐಗೆ ಆ ಸ್ವಾತಂತ್ರ್ಯವಿಲ್ಲ. ಒಂದೇ ಮಷಿನ್ ಕಾಯಬಲ್ಲ ಸುದ್ದಿಯನ್ನೂ ಕಾಯಲಾರದ ಸುದ್ದಿಯನ್ನೂ ಹೊತ್ತು ಓಡಾಡುತ್ತಿದೆ. ಓಡುವ ವಾಹನಕ್ಕೆ ನೆಟ್‌ವರ್ಕ್ ಒದಗಿಸುವ ಇಡೀ ವಿದ್ಯೆ ನಿಂತಿರುವುದು ಈ ಎರಡನ್ನು ಬೇರ್ಪಡಿಸುವುದರ ಮೇಲೆ.

ಕಾನಿನ ಮರೆಯಲ್ಲಿ

ಶಿಕಾರಿಪುರ, ಸೊರಬ ಅಕ್ಕಪಕ್ಕದ ತಾಲ್ಲೂಕುಗಳು. ನೆಲದ ಗುಣ ಮಾತ್ರ ಬೇರೆ. ಶಿಕಾರಿಪುರ ಅರೆಮಲೆನಾಡು: ಮೆಕ್ಕೆಜೋಳದ ಹೊಲ, ಭತ್ತದ ಗದ್ದೆ, ಕೆರೆ ಏರಿ, ಕಣ್ಣು ಹಾಯುವಷ್ಟು ದೂರ ಬಯಲು ಸಿಗುತ್ತದೆ. ಸೊರಬದ ಕಡೆ ಸಾಗಿದಂತೆ ದಿಣ್ಣೆ, ಅಡಿಕೆ ತೋಟ, ಅವುಗಳ ಬೆನ್ನಿಗೆ ಕಾನು, ಅಂದರೆ ದಟ್ಟ ನಿತ್ಯಹಸಿರು ಕಾಡು, ಎದುರಾಗುತ್ತವೆ.

ಸೊರಬ ಕಾನುಗಳ ತಾಲ್ಲೂಕು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಇಲ್ಲಿ 171 ಕಾನುಗಳನ್ನು ದಾಖಲಿಸಿದ್ದರು; ಒಟ್ಟು ವಿಸ್ತೀರ್ಣ ಸುಮಾರು 13,000 ಹೆಕ್ಟೇರ್. ಅಂದಿನಷ್ಟು ಇಂದು ಉಳಿದಿಲ್ಲ. ಉಳಿದ ಕಡೆ ಎತ್ತರದ ಮರಗಳು, ಕೆಳಗೆ ಬಳ್ಳಿ, ಪೊದೆ ಎಲ್ಲ ಹೆಣೆದುಕೊಂಡು ವರ್ಷವಿಡೀ ಹಸಿರಾಗಿರುತ್ತವೆ.

ಮೊಬೈಲ್‌ನ ರೇಡಿಯೊ ಅಲೆಗೆ ಈ ಹಸಿರು ದೊಡ್ಡ ಅಡ್ಡಿ. ಎಲೆಯಲ್ಲಿರುವ ನೀರು ಅಲೆಯ ಶಕ್ತಿಯನ್ನು ಹೀರಿಕೊಳ್ಳುತ್ತದೆ, ರೆಂಬೆಕೊಂಬೆಗಳು ಅದನ್ನು ಚದುರಿಸುತ್ತವೆ. ಜುಲೈ ತಿಂಗಳಲ್ಲಿ ಎಲೆಗಳು ತೊಯ್ದು ನಿಂತಾಗ ನಷ್ಟ ಇನ್ನೂ ಹೆಚ್ಚು. ಅಲೆಗಳಲ್ಲೂ ತರತಮವಿದೆ. 700ರಿಂದ 900 ಮೆಗಾಹರ್ಟ್ಸ್ ಆಸುಪಾಸಿನವು ದೂರ ಸಾಗುತ್ತವೆ, ಮರ–ಗೋಡೆಗಳ ನಡುವೆ ಒಂದಿಷ್ಟು ನುಗ್ಗುತ್ತವೆ. 2,300ರ ಅಲೆಗಳು, 5ಜಿಗೆ ಬಳಸುವ 3,300ಕ್ಕೂ ಮೇಲಿನವು ಹೆಚ್ಚು ಮಾಹಿತಿ ಹೊರುತ್ತವೆ, ಆದರೆ ಬೇಗ ಸುಸ್ತಾಗುತ್ತವೆ. ಪೇಟೆಯಲ್ಲಿ ಫೋನಿನ ಮೇಲೆ ಕಾಣುವ '5ಜಿ' ಊರ ಹೊರಗೆ '4ಜಿ'ಗೆ, ಕಾನಿನ ತಿರುವಿನಲ್ಲಿ ಇನ್ನೂ ಕೆಳಕ್ಕೆ ಇಳಿಯುವುದು ಇದರಿಂದ.

ಇದರ ಮೇಲೆ ಮಲೆನಾಡಿನ ಇತರ ಕಾಟಗಳು ಬೇರೆ. ಗಾಳಿಮಳೆಗೆ ಕರೆಂಟ್ ಹೋಗುತ್ತದೆ. ಟವರ್‌ನ ಬ್ಯಾಟರಿ ಮುಗಿದ ಮೇಲೆ ಅದೂ ಮಲಗುತ್ತದೆ. ರಸ್ತೆ ಅಗಲ ಮಾಡುವ ಜೆಸಿಬಿ ಕೇಬಲ್ ಕಿತ್ತರೆ ಟವರ್ ನಿಂತಿದ್ದರೂ ಪ್ರಯೋಜನವಿಲ್ಲ.

ಕೈ ದಾಟಿಸುವ ಕೆಲಸ

ಮನೆಯಲ್ಲಿ ಕೂತ ಫೋನಿಗೆ ಒಂದು ಟವರ್ ಸಾಕು. ಬಸ್ಸಿನ ಕಷ್ಟ ಬೇರೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವ ಬಸ್ಸು ಪ್ರತಿ ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಬಯಲಿನಲ್ಲಿ ಒಂದು ಟವರ್ ಕೆಲವು ಕಿಲೋಮೀಟರ್ ನೋಡಿಕೊಳ್ಳುತ್ತದೆ ಎಂದರೂ, ನಾಲ್ಕೈದು ನಿಮಿಷಕ್ಕೊಮ್ಮೆ ಅದು ಬಸ್ಸನ್ನು ಇನ್ನೊಂದು ಟವರ್‌ಗೆ ಒಪ್ಪಿಸಲೇಬೇಕು.

ಈ ಒಪ್ಪಿಸುವಿಕೆ ಬಸ್ಸಿನ ಕಿಟಕಿಯಿಂದ ಮಗುವನ್ನು ಒಳಗೆ ಕೊಟ್ಟ ಹಾಗೆ: ಒಳಗಿನವರು ಕೈಚಾಚಿ ಸಿದ್ಧರಾದ ಮೇಲೆಯೇ ಹೊರಗಿನವರು ಕೈಬಿಡುತ್ತಾರೆ. ಫೋನ್ ಸುತ್ತಲಿನ ಟವರ್‌ಗಳ ಬಲವನ್ನು ಸದಾ ಅಳೆಯುತ್ತ, ಲೆಕ್ಕವನ್ನು ತನ್ನ ಟವರ್‌ಗೆ ಒಪ್ಪಿಸುತ್ತದೆ. ಪಕ್ಕದ ಟವರ್ ನಿಚ್ಚಳವಾಗಿ ಮೇಲಾಯಿತೆಂದಾಗ ಹಳೆಯ ಟವರ್ ಅದರ ಜೊತೆ ಮಾತಾಡಿ, ಅಲ್ಲಿ ಜಾಗ ಕಾದಿರಿಸಿ, ಫೋನಿಗೆ 'ನಡಿ' ಎನ್ನುತ್ತದೆ. ಇಷ್ಟಾಗುವಾಗ ಸಂಪರ್ಕ ಕಡಿಯುವುದು ಒಂದು ಸೆಕೆಂಡಿನ ಸಣ್ಣ ಭಾಗದಷ್ಟು ಹೊತ್ತು. ಫೋನಿನಲ್ಲಿ ಮಾತಾಡುತ್ತಿದ್ದವರಿಗೆ ಗೊತ್ತೂ ಆಗುವುದಿಲ್ಲ.

ಆತುರವೂ ಕೂಡದು. ಎರಡು ಟವರ್‌ಗಳ ಬಲ ಹೆಚ್ಚೂಕಡಿಮೆ ಒಂದೇ ಇರುವ ಕಡೆ ಫೋನ್ ಅತ್ತಿತ್ತ ಜಿಗಿದಾಡತೊಡಗಿದರೆ ಕೆಲಸ ಕೆಟ್ಟಿತು. ಅದಕ್ಕೆಂದೇ, ಹೊಸ ಟವರ್ ಇಷ್ಟು ಮೇಲಿರಬೇಕು, ಇಷ್ಟು ಹೊತ್ತು ಮೇಲೇ ಉಳಿದಿರಬೇಕು ಎಂಬ ಕಟ್ಟಳೆ ಇರುತ್ತದೆ. ಬಯಲಿನಲ್ಲಿ ಈ ಕಟ್ಟಳೆ ಚೆನ್ನಾಗಿ ನಡೆಯುತ್ತದೆ. ಕಾನಿನ ತಿರುವಿನಲ್ಲಿ ಹಳೆಯ ಟವರ್ ಮೆಲ್ಲಗೆ ಕ್ಷೀಣಿಸದೆ ಒಮ್ಮೆಲೇ ಮಾಯವಾಗುತ್ತದೆ. ಹೊಸದನ್ನು ಅಳೆದು ತೀರ್ಮಾನಿಸುವಷ್ಟು ಹೊತ್ತೇ ಸಿಗುವುದಿಲ್ಲ.

ಕಂಪನಿಗಳ ಬೇಲಿ

ಇಷ್ಟೆಲ್ಲ ಸೌಜನ್ಯ ಒಂದೇ ಕಂಪನಿಯ ಟವರ್‌ಗಳ ನಡುವೆ ಮಾತ್ರ. ಜಿಯೊ, ಏರ್‌ಟೆಲ್, ವಿ, ಬಿಎಸ್‌ಎನ್‌ಎಲ್ ನಾಲ್ಕೂ ಬೇರೆಬೇರೆ ಸಂಸಾರಗಳು. ಒಂದರ ಟವರ್ ಇನ್ನೊಂದರ ಗಿರಾಕಿಯನ್ನು ಸಾಮಾನ್ಯವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹೀಗಾಗಿ ಕಂಡಕ್ಟರ್‌ನ ಮಷಿನ್ ಸಿಗ್ನಲ್ಲಿಗಾಗಿ ತಡಕಾಡುತ್ತಿರುವಾಗ ಪಕ್ಕದ ಸೀಟಿನವರ ಫೋನಿನಲ್ಲಿ ರೀಲ್ಸ್ ಸಲೀಸಾಗಿ ಓಡುತ್ತಿರಬಹುದು. ಊರಿನ ಜನ ಇದಕ್ಕೆ ತಮ್ಮದೇ ಉಪಾಯ ಕಂಡುಕೊಂಡಿದ್ದಾರೆ: ಒಂದು ಫೋನಿಗೆ ಎರಡು ಸಿಮ್. ಮನೆಯ ಹತ್ತಿರ ಸಿಗುವುದು ಒಂದು, ತೋಟದಲ್ಲಿ ಸಿಗುವುದು ಇನ್ನೊಂದು.

ಒಂದು ಸಿಮ್ ಬಿಟ್ಟು ಇನ್ನೊಂದಕ್ಕೆ ಹೋಗುವುದು ಕೈ ದಾಟಿಸಿದಷ್ಟು ನಯವಾದ ಕೆಲಸವಲ್ಲ. ಮೊದಲನೆಯದು ಸತ್ತಿದೆಯೆಂದು ಖಾತ್ರಿಯಾಗಬೇಕು, ಎರಡನೆಯದರ ನೆಟ್‌ವರ್ಕ್ ಹುಡುಕಬೇಕು, ಅಲ್ಲಿ ಗುರುತು ಒಪ್ಪಿಸಿ ದಾಖಲಾಗಬೇಕು. ದಾಖಲಾದ ಮೇಲೆ ಇಂಟರ್ನೆಟ್ಟಿನಲ್ಲಿ ಹೊಸ ವಿಳಾಸ ಸಿಗುತ್ತದೆ. ಹಳೆಯ ವಿಳಾಸ ನಂಬಿಕೊಂಡು ಅರ್ಧ ನಡೆದಿದ್ದ ಪಾವತಿ, ಅರ್ಧ ಹೋಗಿದ್ದ ಫೋಟೊ ನಡುನೀರಿನಲ್ಲಿ ನಿಲ್ಲುತ್ತವೆ. ವಾಹನಗಳ ಸಂಪರ್ಕದ ಬಗ್ಗೆ ತಲೆಕೆಡಿಸಿಕೊಂಡ ಎಂಜಿನಿಯರ್‌ಗಳು ಸಾಕಷ್ಟು ಶ್ರಮ ಹಾಕಿರುವುದು ಈ ಬೇಲಿ ದಾಟುವುದಕ್ಕೆ.

ಒಂದೇ ಪೆಟ್ಟಿಗೆ, ಎರಡು ಕಂಪನಿ

ಇಂಥದ್ದೊಂದು ಉತ್ತರ ಈಗಾಗಲೇ ನಮ್ಮ ರಸ್ತೆಗಳ ಮೇಲೆ ಓಡಾಡುತ್ತಿದೆ. ಡ್ರೈವರ್‌ಗಳು ಅದನ್ನು 'ಜಿಪಿಎಸ್' ಎಂದೇ ಕರೆಯುತ್ತಾರೆ. ಸರ್ಕಾರಿ ಕಾಗದದಲ್ಲಿ ಅದರ ಹೆಸರು ವಿಎಲ್‌ಟಿ, ಅಂದರೆ ವಾಹನ ಎಲ್ಲಿದೆ ಎಂದು ತಿಳಿಸುವ ಸಾಧನ. ದೆಹಲಿಯ ನಿರ್ಭಯಾ ಪ್ರಕರಣದ ನಂತರ ಪ್ರಯಾಣಿಕರ ಸುರಕ್ಷತೆಗಾಗಿ ರೂಪುಗೊಂಡ ವ್ಯವಸ್ಥೆ ಇದು. ಸಾರ್ವಜನಿಕ ಸೇವೆಯ ವಾಹನಗಳಲ್ಲಿ ಈ ಪೆಟ್ಟಿಗೆ ಮತ್ತು ಕೆಂಪು ತುರ್ತು ಗುಂಡಿ ಇರಬೇಕೆಂದು ಕೇಂದ್ರ ಸಾರಿಗೆ ಸಚಿವಾಲಯ 2016ರ ನವೆಂಬರ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಹೊಸ ವಾಹನಗಳಿಗೆ 2019ರ ಜನವರಿ 1ರಿಂದ ಇದು ಕಡ್ಡಾಯ. ಆಟೊ, ದ್ವಿಚಕ್ರ ವಾಹನಗಳಿಗೆ ವಿನಾಯಿತಿ ಇದೆ. ಹಳೆಯ ವಾಹನಗಳಿಗೂ ಹಾಕಿಸಬೇಕೆಂದು ರಾಜ್ಯದ ಸಾರಿಗೆ ಇಲಾಖೆ ಗಡುವು ಕೊಡುತ್ತ, ಮುಂದೂಡುತ್ತ ಬಂದಿದೆ.

ಪೆಟ್ಟಿಗೆ ಹೇಗಿರಬೇಕೆಂದು ಹೇಳುವ ಎಐಎಸ್ 140 ಎಂಬ ಮಾನದಂಡ ನೋಡಿದರೆ, ಅದನ್ನು ಬರೆದವರಿಗೆ ನಮ್ಮ ರಸ್ತೆಗಳ ಮೇಲೆ ಯಾವ ಭ್ರಮೆಯೂ ಇರಲಿಲ್ಲ ಎನ್ನಿಸುತ್ತದೆ. ಸಿಮ್ ಕಳಚಿ ಹಾಕುವಂಥದ್ದಲ್ಲ, ಒಳಗೇ ಬೆಸೆದದ್ದು. ಒಂದಕ್ಕಿಂತ ಹೆಚ್ಚು ಕಂಪನಿಗಳ ಸಂಪರ್ಕ ಅದರೊಳಗಿರಬಲ್ಲದು. ಒಂದು ಕೈಕೊಟ್ಟರೆ ಪೆಟ್ಟಿಗೆ ಇನ್ನೊಂದಕ್ಕೆ ಹೊರಳುತ್ತದೆ. ವಾಹನದ ಬ್ಯಾಟರಿ ಕಿತ್ತರೂ ಕೆಲವು ತಾಸು ನಡೆಯಲು ಒಳಗೊಂದು ಬ್ಯಾಟರಿ ಇದೆ. ಇಸ್ರೊ ರೂಪಿಸಿದ ನಾವಿಕ್ ಉಪಗ್ರಹಗಳಿಂದಲೂ ವಾಹನದ ಜಾಗ ಗುರುತಿಸುವ ಏರ್ಪಾಡಿದೆ.

ಎಲ್ಲಕ್ಕಿಂತ ಜಾಣತನದ ಸಂಗತಿ ಅದರ ನೆನಪು. ಯಾವ ಕಂಪನಿಯೂ ಸಿಗದಿದ್ದರೆ ಪೆಟ್ಟಿಗೆ ಸುಮ್ಮನೆ ಕೂರದೆ, ವಾಹನ ಎಲ್ಲೆಲ್ಲಿತ್ತು ಎಂಬುದನ್ನು ಬರೆದಿಟ್ಟುಕೊಳ್ಳುತ್ತ ಹೋಗುತ್ತದೆ. ಕನಿಷ್ಠ 40,000 ನಮೂದುಗಳಿಗೆ ಜಾಗವಿರಬೇಕೆಂಬುದು ನಿಯಮ. ಹತ್ತು ಸೆಕೆಂಡಿಗೊಂದರಂತೆ ಲೆಕ್ಕ ಹಾಕಿದರೂ ನಾಲ್ಕು ದಿನಕ್ಕೂ ಹೆಚ್ಚಿನ ದಾಖಲೆ. ಸಿಗ್ನಲ್ ಬಂದೊಡನೆ ಇವೆಲ್ಲ ಸಾಲಾಗಿ ನಿಯಂತ್ರಣ ಕೇಂದ್ರಕ್ಕೆ ಹೊರಡುತ್ತವೆ. ಆಗಲೂ ಇದು 'ಈಗಿನದು', ಇದು 'ಹಿಂದಿನದು' ಎಂದು ಪ್ರತಿಯೊಂದಕ್ಕೂ ಗುರುತು ಹಚ್ಚಿರುತ್ತದೆ.

ತುರ್ತು ಗುಂಡಿಗೆ ಈ ತಾಳ್ಮೆ ಒಗ್ಗದು. ಗುಂಡಿ ಒತ್ತಿದಾಗ ಇಂಟರ್ನೆಟ್ ಸಿಗದಿದ್ದರೆ ಸುದ್ದಿ ಎಸ್‌ಎಂಎಸ್ ಆಗಿ ಹೋಗಬೇಕು. ವಿಡಿಯೊಗೆ ಸಾಲದ ತೆಳ್ಳನೆಯ ಸಿಗ್ನಲ್ಲಿನಲ್ಲೂ ನಾಲ್ಕಕ್ಷರದ ಎಸ್‌ಎಂಎಸ್ ಹೇಗೋ ತೂರಿಕೊಂಡು ಹೋಗುತ್ತದೆ. ಅಂದರೆ ಪೆಟ್ಟಿಗೆಯನ್ನು ರೂಪಿಸಿದವರೇ ಸುದ್ದಿಗಳನ್ನು ಎರಡು ಸಾಲಿನಲ್ಲಿ ನಿಲ್ಲಿಸಿದ್ದಾರೆ.

ಎಲ್ಲ ದಾರಿಯಲ್ಲೂ ಒಟ್ಟಿಗೆ

ಒಂದು ಸತ್ತ ಮೇಲೆ ಇನ್ನೊಂದಕ್ಕೆ ಹೋಗುವ ಬದಲು ಎಲ್ಲ ಕಂಪನಿಗಳನ್ನೂ ಒಟ್ಟಿಗೇ ಬಳಸಿದರೆ? ಚುನಾವಣೆ ಕಾಲದಲ್ಲಿ ಈ ಸೀಮೆಯ ಜನ ಅದನ್ನೂ ನೋಡಿರುತ್ತಾರೆ. ಸೊರಬ ಬಂಗಾರಪ್ಪನವರ ಕ್ಷೇತ್ರವಾಗಿತ್ತು, ಶಿಕಾರಿಪುರ ಯಡಿಯೂರಪ್ಪನವರದ್ದಾಗಿತ್ತು. ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟ ಈ ಜೋಡಿ ತಾಲ್ಲೂಕುಗಳಿಗೆ ಮತದಾನದ ಹೊತ್ತಿಗೆ ಟಿವಿಯವರು ಬಾರದೆ ಇರುವುದಿಲ್ಲ. ಹಾಗೆ ಊರೂರು ಸುತ್ತುವ ಕ್ಯಾಮೆರಾದವರ ಬೆನ್ನ ಮೇಲೆ ಚೀಲವೊಂದಿರುತ್ತದೆ. ಅದರೊಳಗೆ ಬೇರೆಬೇರೆ ಕಂಪನಿಗಳ ಹಲವು ಸಿಮ್‌ಗಳು. ಚಿತ್ರವನ್ನು ಚೂರುಚೂರು ಮಾಡಿ, ಯಾವ ಸಿಮ್ ಎಷ್ಟು ಹೊರಬಲ್ಲದೋ ಅಷ್ಟನ್ನು ಅದಕ್ಕೆ ಹೊರಿಸಿ, ಸ್ಟುಡಿಯೊದಲ್ಲಿ ಮತ್ತೆ ಜೋಡಿಸುತ್ತಾರೆ. ಓಡುವ ಕಾರಿನಿಂದ ನೇರ ಪ್ರಸಾರ ಸಾಧ್ಯವಾಗಿರುವುದು ಹೀಗೆ.

ದಾರಿಯಲ್ಲಿ ಕೆಲವು ಚೂರುಗಳು ಕಳೆದುಹೋದರೆ? ಅಮೆರಿಕದ ರೆಡ್ಮಂಡ್‌ನ ಮೈಕ್ರೋಸಾಫ್ಟ್ ಕ್ಯಾಂಪಸ್ಸಿನಲ್ಲಿ ರತುಲ್ ಮಹಾಜನ್ ಮತ್ತು ಸಂಗಡಿಗರು ತಮ್ಮ ಬಸ್ಸುಗಳಲ್ಲೇ ಇದನ್ನು ಪರೀಕ್ಷಿಸಿ 2012ರಲ್ಲಿ ಪ್ರಬಂಧ ಪ್ರಕಟಿಸಿದರು. ಅವರು ಹಿಡಿದ ದಾರಿಯ ತಿರುಳು ಸುಲಭ. 12 ಮತ್ತು 30 ಎಂಬ ಎರಡು ಸಂಖ್ಯೆ ಕಳಿಸಬೇಕಿದೆ ಎನ್ನಿ. ಜೊತೆಗೆ ಅವುಗಳ ಮೊತ್ತ 42ನ್ನೂ ಕಳಿಸಿಬಿಡಿ. ಮೂರರಲ್ಲಿ ಯಾವುದೊಂದು ಕಳೆದರೂ ಉಳಿದೆರಡರಿಂದ ಅದನ್ನು ಕಂಡುಹಿಡಿಯಬಹುದು. 'ಇನ್ನೊಮ್ಮೆ ಕಳಿಸಿ' ಎಂದು ಕೇಳಿ ಕಾಯಬೇಕಿಲ್ಲ. ಇಂಥ ಹೆಚ್ಚುವರಿ ಚೂರುಗಳನ್ನು ದಾರಿ ಖಾಲಿಯಿರುವಾಗ ಮಾತ್ರ ಕಳಿಸಿದರೆ ಉಳಿದವರಿಗೆ ತೊಂದರೆಯೂ ಇಲ್ಲ.

ಆದರೆ ಖರ್ಚಿದೆ. ಸಿಮ್ ಹೆಚ್ಚಿದಷ್ಟೂ ಬಾಡಿಗೆ ಹೆಚ್ಚು. ಹತ್ತು ರೂಪಾಯಿ ಟಿಕೆಟ್ಟಿನ ಲೆಕ್ಕಕ್ಕೆ ನಾಲ್ಕು ಕಂಪನಿಯ ಸಿಮ್ ಹಾಕಿಸುವುದು ಯಾವ ಬಸ್ ಮಾಲೀಕರಿಗೂ ಗಿಟ್ಟದು. ಇನ್ನೊಂದು ಮಾತು: ನಾಲ್ಕೂ ಕಂಪನಿಗಳು ಒಂದೇ ಗುಡ್ಡದ ಮೇಲೆ ಟವರ್ ಹಂಚಿಕೊಂಡಿದ್ದರೆ, ಅಲ್ಲಿ ಕರೆಂಟ್ ಹೋದಾಗ ನಾಲ್ಕೂ ಒಟ್ಟಿಗೇ ಮಲಗುತ್ತವೆ. ಸಿಮ್‌ಗಳ ಎಣಿಕೆ ಹೆಚ್ಚಿದ ಮಾತ್ರಕ್ಕೆ ದಾರಿಗಳು ಹೆಚ್ಚುವುದಿಲ್ಲ.

ಬಸ್ಸೇ ಅಂಚೆಯಣ್ಣನಾದಾಗ

ಕಾಯುವುದನ್ನು ದೋಷವೆನ್ನದೆ, ಅದರ ಮೇಲೇ ಒಂದು ವ್ಯವಸ್ಥೆ ಕಟ್ಟಿದ ಪ್ರಯೋಗ ಕರ್ನಾಟಕದಲ್ಲೇ ನಡೆದಿದೆ. ಇಪ್ಪತ್ತು ವರ್ಷಗಳಿಗೂ ಹಿಂದಿನ ಮಾತು. ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದ್ದವು. ಹಳ್ಳಿಗಳಿಗೆ ಇಂಟರ್ನೆಟ್ ಇರಲಿಲ್ಲ. ಪಹಣಿ ಬೇಕೆಂದರೆ ತಾಲ್ಲೂಕು ಕಚೇರಿಗೇ ಹೋಗಬೇಕು.

ಆಗ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ 'ಡಾಕ್‌ನೆಟ್' ಎಂಬ ಪ್ರಯೋಗ ನಡೆಯಿತು. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಿನ ಅಲೆಕ್ಸ್ ಪೆಂಟ್‌ಲ್ಯಾಂಡ್ ಹಾಗೂ ಅವರ ಸಂಗಡಿಗರಾದ ರಿಚರ್ಡ್ ಫ್ಲೆಚರ್, ಅಮೀರ್ ಹ್ಯಾಸನ್ 2004ರಲ್ಲಿ ಇದರ ವಿವರ ಪ್ರಕಟಿಸಿದರು. ಹಳ್ಳಿಗಳ ಮೂಲಕ ಹಾದುಹೋಗುವ ಬಸ್ಸಿಗೆ ವೈಫೈ ಸಾಧನವೊಂದನ್ನು ಕಟ್ಟಿದ್ದರು. ಬಸ್ಸು ಹಳ್ಳಿಯ ಕಂಪ್ಯೂಟರ್‌ನ ಹತ್ತಿರ ಬಂದಾಗ ಅಲ್ಲಿ ಸೇರಿದ್ದ ಅರ್ಜಿಗಳು ತಾವಾಗಿ ಬಸ್ಸಿಗೆ ಹತ್ತುತ್ತಿದ್ದವು. ತಾಲ್ಲೂಕು ಕೇಂದ್ರದಲ್ಲಿ ಇಳಿದು ಉತ್ತರದ ಜೊತೆ ಮುಂದಿನ ಟ್ರಿಪ್ಪಿಗೆ ಮರಳುತ್ತಿದ್ದವು. ಒಂದು ಭೇಟಿಯ ಅವಧಿ ಸರಾಸರಿ ಎರಡೂವರೆ ನಿಮಿಷದ ಆಸುಪಾಸು, ಅಷ್ಟರಲ್ಲಿ ಸುಮಾರು 20 ಮೆಗಾಬೈಟ್ ಸಾಗುತ್ತಿತ್ತು. ಅಂದಿನ ಹಳ್ಳಿಯ ಟೆಲಿಫೋನ್ ತಂತಿಯಲ್ಲಿ ಅಷ್ಟನ್ನು ಕಳಿಸಲು ತಾಸುಗಟ್ಟಲೆ ಹಿಡಿಯುತ್ತಿತ್ತು.

ಪಹಣಿಗೆ ಮಧ್ಯಾಹ್ನದವರೆಗೆ ಕಾಯಲು ರೈತನಿಗೆ ತಕರಾರಿರಲಿಲ್ಲ. ಆ ಒಂದು ಸಂಗತಿಯನ್ನು ಸರಿಯಾಗಿ ಗ್ರಹಿಸಿದ್ದಕ್ಕೇ, ಟವರ್ ಇಲ್ಲದ ಊರಿನಲ್ಲೂ ಅಗ್ಗದಲ್ಲಿ ಕೆಲಸ ನಡೆಯಿತು.

ಆಂಬುಲೆನ್ಸ್‌ನ ಲೆಕ್ಕ ಬೇರೆ

ಇದರ ಎದುರು ತುದಿಯಲ್ಲಿರುವುದು 108. ಆರೋಗ್ಯ ಕವಚ ಹೆಸರಿನ ಈ ಸೇವೆ ರಾಜ್ಯದಲ್ಲಿ ಶುರುವಾದದ್ದು 2008ರ ನವೆಂಬರ್ 1ರಂದು. ಕರೆ ಸ್ವೀಕರಿಸುವ ಕೇಂದ್ರಕ್ಕೆ ಆಂಬುಲೆನ್ಸ್ ಈಗ ಎಲ್ಲಿದೆ ಎಂಬುದು ಗೊತ್ತಿರಬೇಕು. ಹತ್ತು ನಿಮಿಷ ಹಿಂದೆ ಎಲ್ಲಿತ್ತು ಎಂಬುದು ಉಪಯೋಗಕ್ಕೆ ಬಾರದು.

ಎದೆನೋವಿನ ರೋಗಿಯ ಉದಾಹರಣೆ ತೆಗೆದುಕೊಳ್ಳಿ. 2023ರಲ್ಲಿ ಆರಂಭವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಅವರ ಸಲಹೆಯ ಮೇಲೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ. ಆಸ್ಪತ್ರೆ ಒಂದೇ ಕಡೆ ನಿಂತ ಕಟ್ಟಡ; ಅಲ್ಲಿಗೆ ಕೇಬಲ್ ಎಳೆಯಬಹುದು. ಅಲ್ಲಿಂದ ರೋಗಿಯನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಸಾಗಿಸುವ ದೀರ್ಘ ಹಾದಿಯಲ್ಲಿ ಸ್ಥಿತಿ ಬಿಗಡಾಯಿಸಿದರೆ, ಒಳಗಿರುವ ಸಿಬ್ಬಂದಿಗೆ ವೈದ್ಯರ ಧ್ವನಿಯೇ ಆಸರೆ. ಆ ಕರೆ ಕಡಿದರೆ 'ಆಮೇಲೆ ಕಳಿಸುತ್ತೇನೆ' ಎನ್ನುವ ಹಾಗಿಲ್ಲ.

ಮೂರ್ನಾಲ್ಕು ಕಂಪನಿಗಳ ಸಂಪರ್ಕ, ಚಾವಣಿಯ ಮೇಲೆ ಎತ್ತರದ ಆಂಟೆನಾ ಇರುವ ದುಬಾರಿ ಪೆಟ್ಟಿಗೆಗೆ ನ್ಯಾಯವಾದ ಜಾಗ ಇದು. ಆಂಟೆನಾ ತಗಡಿನ ಮೈಯ ಹೊರಗಿದ್ದರೆ ಒಳಗಿನ ಫೋನಿಗಿಂತ ಎಷ್ಟೋ ಚೆನ್ನಾಗಿ ಸಿಗ್ನಲ್ ಹಿಡಿಯುತ್ತದೆ. ತಾಲ್ಲೂಕಿನ ಎಲ್ಲ ಬಸ್ಸಿಗೂ ಇದನ್ನು ಕೊಡಲಾಗದು. ಬೆರಳೆಣಿಕೆಯಷ್ಟಿರುವ ಆಂಬುಲೆನ್ಸ್‌ಗಳಿಗೆ ಕೊಡಬಹುದು.

ಬೇಲಿ ಸಡಿಲಿಸಿದರೆ

ಕಂಪನಿಗಳ ಬೇಲಿಯೂ ಅಲ್ಲಲ್ಲಿ ಸಡಿಲವಾಗುತ್ತಿದೆ. 2025ರ ಜನವರಿಯಲ್ಲಿ ಕೇಂದ್ರ ಸರ್ಕಾರ, ಡಿಜಿಟಲ್ ಭಾರತ್ ನಿಧಿಯ ಹಣದಲ್ಲಿ ನಿಲ್ಲಿಸಿದ ಸುಮಾರು 27,000 ಟವರ್‌ಗಳಲ್ಲಿ ಬಿಎಸ್‌ಎನ್‌ಎಲ್, ಏರ್‌ಟೆಲ್, ಜಿಯೊ ಗಿರಾಕಿಗಳು ಒಬ್ಬರ 4ಜಿಯನ್ನು ಇನ್ನೊಬ್ಬರು ಬಳಸುವ ವ್ಯವಸ್ಥೆಗೆ ಚಾಲನೆ ಕೊಟ್ಟಿತು. ದೇಶದ 35,000ಕ್ಕೂ ಹೆಚ್ಚು ಹಳ್ಳಿಗಳಿಗೆ ಇದರ ಅನುಕೂಲ ಎಂಬುದು ಸರ್ಕಾರದ ಲೆಕ್ಕ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲಕ್ಕೂ ಚಾಲನೆ ಸಿಕ್ಕಿತು. ಸಾರ್ವಜನಿಕ ಹಣದ ಟವರ್ ಎಲ್ಲರಿಗೂ ತೆರೆದಿರಬೇಕು ಎಂಬ ತತ್ವ ಒಪ್ಪಿತವಾದ ಹಾಗಾಯಿತು. ಕಾನಿನ ತಿರುವಿನಲ್ಲಿ ನಾಲ್ಕು ಟವರ್ ನಿಲ್ಲಿಸುವುದಕ್ಕಿಂತ ನಾಲ್ವರಿಗೂ ಬಾಗಿಲು ತೆರೆದ ಒಂದು ಟವರ್ ಅಗ್ಗ, ಕಾಡಿಗೂ ಕ್ಷೇಮ.

ಆ ಟವರ್ ಎಲ್ಲಿ ಬೇಕು? ಇದುವರೆಗಿನ ಲೆಕ್ಕವೆಲ್ಲ ಹಳ್ಳಿಗಳದ್ದು: ಇಷ್ಟು ಹಳ್ಳಿಗೆ ಸಿಗ್ನಲ್ ಇದೆ, ಇಷ್ಟಕ್ಕೆ ಇಲ್ಲ. ಎರಡು ಹಳ್ಳಿಗಳ ನಡುವಿನ ರಸ್ತೆ ಯಾವ ಪಟ್ಟಿಗೂ ಸೇರುವುದಿಲ್ಲ. ಅಲ್ಲಿ ಮನೆಗಳಿಲ್ಲ, ಗಿರಾಕಿಗಳಿಲ್ಲ. ಬಸ್ಸು, ಆಂಬುಲೆನ್ಸ್ ಮಾತು ಕಳೆದುಕೊಳ್ಳುವುದು ಮಾತ್ರ ಅಲ್ಲೇ. ಕಂಪನಿಗಳು ತಮ್ಮ ವ್ಯಾಪ್ತಿಯ ನಕ್ಷೆಯನ್ನು ವೆಬ್‌ಸೈಟಿನಲ್ಲಿ ಪ್ರಕಟಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರಲ್ಲಿ ನಿಯಮ ಮಾಡಿತು. ನಕ್ಷೆಯ ಬಣ್ಣಕ್ಕೂ ತಗಡಿನ ಬಸ್ಸಿನೊಳಗಿನ ಅನುಭವಕ್ಕೂ ತಾಳೆಯಾಗಬೇಕಲ್ಲ?

ತಾಳೆ ನೋಡುವ ದಾಖಲೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಪ್ರತಿ ಬಸ್ಸಿನ ವಿಎಲ್‌ಟಿ ಪೆಟ್ಟಿಗೆ ತಡವಾಗಿ ಕಳಿಸಿದ ನಮೂದುಗಳಿಗೆ 'ಹಿಂದಿನದು' ಎಂದು ಗುರುತು ಹಾಕುತ್ತದೆ ಎಂದೆವು. ಆ ಗುರುತಿನ ನಮೂದುಗಳನ್ನಷ್ಟೇ ನಕ್ಷೆಯ ಮೇಲೆ ಇಟ್ಟರೆ, ಯಾವ ರಸ್ತೆಯ ಯಾವ ತಿರುವಿನಲ್ಲಿ ಯಾವ ತಿಂಗಳು ಎಷ್ಟು ಹೊತ್ತು ಸಂಪರ್ಕ ಇರಲಿಲ್ಲ ಎಂಬುದು ತಾನಾಗಿ ಮೂಡುತ್ತದೆ. ಬಸ್ಸುಗಳು ದಿನಾ ಮಾಡುತ್ತಿರುವ ಸರ್ವೆ ಇದು, ಬೇರೆ ಖರ್ಚಿಲ್ಲ. ಸಾರಿಗೆ ಇಲಾಖೆ ಈ ದಾಖಲೆಯನ್ನು, ವಾಹನದ ಗುರುತು ತೆಗೆದು, ತಾಲ್ಲೂಕುವಾರು ಪ್ರಕಟಿಸಿದರೆ ಸಾಕು. 'ನಮ್ಮೂರಲ್ಲಿ ನೆಟ್‌ವರ್ಕ್ ಇಲ್ಲ' ಎಂಬ ಅರ್ಜಿ ಹಿಡಿದು ಹೋಗುವವರ ಕೈಯಲ್ಲಿ ಆಗ ಕಿಲೋಮೀಟರ್ ಕಲ್ಲಿನ ಸಮೇತ ಲೆಕ್ಕ ಇರುತ್ತದೆ, ಮತ್ತು ಆ ಲೆಕ್ಕಕ್ಕೆ ಕಂಪನಿಗಳೂ ಸರ್ಕಾರವೂ ಉತ್ತರ ಕೊಡಬೇಕಾಗುತ್ತದೆ.